ಕಬ್ಬು ಕಡಿಯುವವನ ಬೆನ್ನೂ ಸಕ್ಕರೆಯ ಇಳುವರಿಯೂ

ಆಳಂದ ತಾಲೂಕಿನ ಭೂಸನೂರಿನಲ್ಲಿಯೂ ಅಫಜಲಪುರ ತಾಲೂಕಿನ ಹವಳಗಾದಲ್ಲಿಯೂ ಸಕ್ಕರೆ ಕಾರಖಾನೆಗಳಿವೆ. ಜೇವರ್ಗಿ ಸೀಮೆಯಲ್ಲಿಯೂ ಕಬ್ಬಿನ ಬೆಳೆಯುಂಟು. ಇಳುವರಿ ಇಳಿಯಿತೆಂದು ಕಾರಖಾನೆಯವರೂ ಬೆಲೆ ಸಾಲದೆಂದು ರೈತರೂ ದೂರುವದು ಹಂಗಾಮಿನ ವಾಡಿಕೆಯ ಮಾತು. ಯಂತ್ರ, ತಳಿ, ಮಳೆಗಳ ವಿಚಾರವಾಗಿ ಚರ್ಚೆ ನಡೆಯುವದು. ಹೊಲದಲ್ಲಿ ಬಾಗಿ ಕಡಿಯುವ ಕೂಲಿಕಾರನ ಬೆನ್ನಿಗೂ ಈ ಇಳುವರಿಗೂ ಇರುವ ಸಂಬಂಧವನ್ನು ಮಾತ್ರ ನಾವು ವಿರಳವಾಗಿ ಯೋಚಿಸುತ್ತೇವೆ.

ಕಬ್ಬಿನಲ್ಲಿ ಸಕ್ಕರೆಯ ಅಂಶವು ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ. ಆದಕಾರಣ ನೆಲಕ್ಕೆ ಸಮನಾಗಿ ಕಡಿದು, ಹಸಿರು ತುದಿಯನ್ನೂ ರವದಿಯನ್ನೂ ಸವರಿ ತೆಗೆಯಬೇಕು. ಇದಕ್ಕಾಗಿ ಪ್ರತಿ ಏಟಿಗೂ ಸೊಂಟ ಬಾಗಬೇಕು. ಮೊಂಡ ಕತ್ತಿ, ಗಿಡ್ಡ ಹಿಡಿ, ನೆತ್ತಿಯ ಮೇಲಣ ಬಿಸಿಲು, ಟನ್ನಿನ ಲೆಕ್ಕದ ಕೂಲಿ ಇವುಗಳ ನಡುವೆ ದಣಿದವನ ಕೈ ಮಧ್ಯಾಹ್ನದ ಹೊತ್ತಿಗೆ ಮೇಲಕ್ಕೇರುವದು ಸಹಜವೇ. ಆಗ ಅತ್ಯಂತ ಸಿಹಿಯಾದ ಭಾಗವು ಹೊಲದಲ್ಲಿಯೇ ಉಳಿಯುವದು; ಮುಂದಿನ ಕೂಳೆ ಬೆಳೆಯೂ ಸೊರಗುವದು; ಸವರದ ತುದಿ, ರವದಿಗಳು ಗಾಣ ಸೇರಿ ರಸವನ್ನು ಕೆಡಿಸುವವು. ಭಾರವಾದ ಹೊರೆಯನ್ನು ತಲೆಯ ಮೇಲಿಟ್ಟು, ಹಲಗೆಯೇರಿ, ಗಾಡಿ ತುಂಬುವದು ತಡವಾದಷ್ಟೂ ಕಡಿದ ಕಬ್ಬಿನ ಸಕ್ಕರೆಯು ಹರಳುಗಟ್ಟದ ರೂಪಕ್ಕೆ ತಿರುಗಿ ಕಾಕಂಬಿಯ ಪಾಲಾಗುವದು. ಕಡಿದ 24 ತಾಸಿನೊಳಗೆ ಅರೆಯಬೇಕೆಂದು ತಜ್ಞರು ಹೇಳುವದು ಇದಕ್ಕಾಗಿಯೇ.

ನಷ್ಟವು ರೈತನಿಗೂ ತಟ್ಟುವದು. 2009-10ನೆಯ ಹಂಗಾಮಿನಿಂದ ಕೇಂದ್ರ ಸರಕಾರವು ಗೊತ್ತುಮಾಡುವ ನ್ಯಾಯಸಮ್ಮತ ಲಾಭದಾಯಕ ಬೆಲೆಯು ಇಳುವರಿಗೆ ಕಟ್ಟುಬಿದ್ದಿದೆ. ಬೆನ್ನುನೋವಂತೂ ಕೂಲಿಕಾರನೊಬ್ಬನದೇ. ನಿಂತು ದುಡಿಯುವವರಿಗೆ ಕೂಡಲು ಅನುಕೂಲವಿರಬೇಕೆಂದು 1948ರ ಕಾರಖಾನೆ ಕಾಯಿದೆಯು ವಿಧಿಸಿತ್ತು. ಆ ದಯೆಯು ಕಾರಖಾನೆಯ ಗೋಡೆಯನ್ನು ದಾಟಿ ಕಬ್ಬಿನ ಹೊಲಕ್ಕೆ ಬರಲಿಲ್ಲ.

ವಿಶ್ರಾಂತಿ ಕೊಟ್ಟರೆ ಕೆಲಸ ಕುಂದುವದೆಂಬ ಅಂಜಿಕೆಯು ನಿರಾಧಾರವಾದದ್ದು. ಮಧ್ಯ ಅಮೇರಿಕೆಯ ಎಲ್ ಸಾಲ್ವಡೋರಿನಲ್ಲಿ 2014-15ರ ಹಂಗಾಮಿನಲ್ಲಿ ಕಡಿಯುವವರಿಗೆ ನೀರು, ನೆರಳು, ನಡುನಡುವೆ ವಿಶ್ರಾಂತಿ, ಸುಧಾರಿಸಿದ ಕತ್ತಿ ಇವನ್ನು ಒದಗಿಸಲಾಯಿತು. ಒಬ್ಬೊಬ್ಬನ ದಿನದ ಕಟಾವು 5.1 ಟನ್ನಿನಿಂದ 7.3 ಟನ್ನಿಗೆ ಏರಿತೆಂದು ವರದಿಯಾಯಿತು.

ಕಟಾವು ಯಂತ್ರಗಳು ಬಂದಿವೆಯೆಂದು ಕೆಲವರು ಹೇಳಬಹುದು. ಅವಕ್ಕೆ ಅಗಲವಾದ ಸಾಲುಗಳೂ ದೊಡ್ಡ ಹೊಲಗಳೂ ಬೇಕು. ಸಣ್ಣ ಹಿಡುವಳಿಯ ರೈತನಿಗೆ ಮನುಷ್ಯನ ಕೈಯೇ ಗತಿ. ಆ ಕೈಗೆ ಹರಿತವಾದ ಕತ್ತಿ, ಒಪ್ಪುವ ಹಿಡಿ, ಹೊರಬಲ್ಲಷ್ಟೇ ಹೊರೆ, ಹೊಲದ ಬದುವಿನಲ್ಲಿ ನೆರಳು, ನೀರು ಇವನ್ನು ಒದಗಿಸುವ ಖರ್ಚು ಕಾರಖಾನೆಗಳಿಗೆ ಅಲ್ಪವಾದದ್ದು. ಬರುವ ಹಂಗಾಮಿಗೆ ಮುಂಚೆಯೇ ಕಾರಖಾನೆಯವರೂ ಕಾರ್ಮಿಕ ಇಲಾಖೆಯೂ ಕೂಡಿ ಇದನ್ನು ಏರ್ಪಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ.