ಜಗಳ ತಂದ ಜೀವನೋಪಾಯ

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತದೆ ನಮ್ಮ ಗಾದೆ. ಅಮೆರಿಕದ ನೆವಾಡ ರಾಜ್ಯ ಆ ಜಗಳದಿಂದಲೇ ಉಂಡಿತು!

1930ರಲ್ಲಿ ಈ ಮರುಭೂಮಿ ರಾಜ್ಯದ ಜನಸಂಖ್ಯೆ ಕೇವಲ 91,058. 1929ರ ಆರ್ಥಿಕ ಕುಸಿತದ ಬಳಿಕ ತಾಮ್ರಕ್ಕೆ ಬೆಲೆಯಿಲ್ಲ, ಗಣಿಯಲ್ಲಿ ಕೆಲಸವಿಲ್ಲ. 1931ರ ಮಾರ್ಚ್ 19ರಂದು ಗವರ್ನರ್ ಫ್ರೆಡ್ ಬಾಲ್ಜರ್ ಎರಡು ಮಸೂದೆಗಳಿಗೆ ಸಹಿ ಹಾಕಿದರು. ಒಂದು, ಕದ್ದುಮುಚ್ಚಿ ನಡೆಯುತ್ತಿದ್ದ ಜೂಜಿಗೆ ಪರವಾನಗಿ. ಇನ್ನೊಂದು, ಅಲ್ಲಿ ಆರು ವಾರ ನೆಲೆಸಿದವರಿಗೆ ವಿಚ್ಛೇದನ ಕೋರುವ ಅವಕಾಶ. ಮೊದಲು ಮೂರು ತಿಂಗಳು ಕಾಯಬೇಕಿತ್ತು.

ಆಗಿನ ನ್ಯೂಯಾರ್ಕ್ ರಾಜ್ಯದಲ್ಲಿ ವ್ಯಭಿಚಾರ ಸಾಬೀತಾಗದೆ ವಿಚ್ಛೇದನ ಸಿಗುತ್ತಿರಲಿಲ್ಲ. ಹಣವುಳ್ಳವರು ರೈಲು ಹತ್ತಿ ನೆವಾಡದ ರೀನೋ ನಗರಕ್ಕೆ ಬಂದರು. ಆರು ವಾರವೆಂದರೆ ಆರು ವಾರದ ಬಾಡಿಗೆ, ಊಟ, ಜೊತೆಗೆ ವಕೀಲರ ಶುಲ್ಕ. ಮನೆಯವರು ಕೋಣೆ ಬಾಡಿಗೆಗೆ ಕೊಟ್ಟರು. ದನ ಸಾಕುವವರು ತಮ್ಮ ರ‍್ಯಾಂಚುಗಳನ್ನೇ ಅತಿಥಿಗೃಹ ಮಾಡಿಕೊಂಡರು.

ಜೂಜಿನಿಂದ ಮಾತ್ರ ಆಗ ಹೆಚ್ಚೇನೂ ಬರಲಿಲ್ಲ. 1932ರ ನವೆಂಬರ್‌ನಲ್ಲಿ ಬ್ಯಾಂಕುಗಳಿಗೇ ಬಾಗಿಲು ಹಾಕಿಸಬೇಕಾಯಿತು. ದಕ್ಷಿಣದ ಪುಟ್ಟ ಲಾಸ್ ವೇಗಸ್ ಊರಿಗೆ ಆಸರೆಯಾದದ್ದು ಹೂವರ್ ಅಣೆಕಟ್ಟಿನ ಕಾರ್ಮಿಕರ ಸಂಬಳ. (ಅವರಿಗಾಗಿ ಕೇಂದ್ರ ಸರ್ಕಾರ ಕಟ್ಟಿಸಿದ ಬೌಲ್ಡರ್ ಸಿಟಿಯಲ್ಲಿ ಜೂಜು ನಿಷಿದ್ಧ!)

ಜೂಜಿನ ಸುಗ್ಗಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ವೈಯಕ್ತಿಕ ಆದಾಯ ತೆರಿಗೆಯಿಲ್ಲದ ರಾಜ್ಯ ಬಹುಮಟ್ಟಿಗೆ ಅದನ್ನೇ ನೆಚ್ಚಿಕೊಂಡಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಕ್ಯಾಸಿನೊಗಳು ಮುಚ್ಚಿದವು. ಏಪ್ರಿಲ್‌ನಲ್ಲಿ ನಿರುದ್ಯೋಗ ಶೇ 28 ದಾಟಿತು. ಆ ದೇಶದ ಬೇರಾವ ರಾಜ್ಯದಲ್ಲೂ ಅಷ್ಟಿರಲಿಲ್ಲ.