ಗ್ರಿಪ್ ಉಳಿದಿದೆ, ರಬ್ಬರ್ ಮುಗಿದಿದೆ

ಸೊಲ್ಲಾಪುರ–ವಿಜಯಪುರ ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ, 2021ರ ಫೆಬ್ರವರಿಯಲ್ಲಿ, 18 ತಾಸಿನೊಳಗೆ 25.54 ಕಿ.ಮೀ. ಡಾಂಬರು ಹಾಸಿದ ಸುದ್ದಿ ದೇಶಕ್ಕೆಲ್ಲ ಹಬ್ಬಿತ್ತು. ನಡುವೆ ವಿಭಜಕವಿರುವ ಇಂಥ ರಸ್ತೆಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಟರ್ಬೊ ಎಂಜಿನ್ನಿನ ಕಾರು ಇಟ್ಟುಕೊಂಡವರು ಮುಳ್ಳು ನೂರಕ್ಕೆ ಬಂದ ಕೂಡಲೇ ಕಾಲು ತೆಗೆಯುತ್ತಾರೆಂದು ನಂಬುವಷ್ಟು ಮುಗ್ಧರು ನಮ್ಮಲ್ಲಿ ಯಾರೂ ಇಲ್ಲ. ರಸ್ತೆ ನುಣುಪಾಯಿತು, ಗಾಡಿಗಳು ಜೋರಾದವು. ಆದರೆ ಟೈರು ಬದಲಿಸುವ ಹೊತ್ತಿಗೆ ನಾವು ನೋಡುವುದು ಮಾತ್ರ ಹಳೆಯದನ್ನೇ: ಗ್ರಿಪ್ ಎಷ್ಟು ಉಳಿದಿದೆ?

ಈ ಪ್ರಶ್ನೆ ದಿನಾ ಓಡುವ ಟ್ಯಾಕ್ಸಿಗೆ ಸಾಕು. ಸ್ಪೋರ್ಟ್ಸ್ ಕಾರಿಗೆ ಸಾಲದು. ಪುಣೆಯಿಂದಲೋ ಬೆಂಗಳೂರಿನಿಂದಲೋ ಸೆಕೆಂಡ್‌ಹ್ಯಾಂಡ್ ತರುವಾಗ ‘ಕಮ್ಮಿ ಓಡಿದ ಗಾಡಿ’ ಎನ್ನುವುದೇ ದೊಡ್ಡ ಹೊಗಳಿಕೆ. ಟೈರಿನ ಮಟ್ಟಿಗೆ ಅದೇ ಅನುಮಾನಕ್ಕೆ ಕಾರಣವಾಗಬೇಕು. ಕಮ್ಮಿ ಓಡಿದ ಟೈರಿನ ಗ್ರಿಪ್ ಸವೆದಿರುವುದಿಲ್ಲ, ವಯಸ್ಸು ಮಾತ್ರ ನಿಂತಿರುವುದಿಲ್ಲ. “ಇನ್ನೂ ಎರಡು ವರ್ಷ ಆರಾಮ ಬರ್ತಾವ್ರೀ” ಎಂದು ಅಂಗಡಿಯವರು ಹೇಳುವುದು ಕಣ್ಣಿಗೆ ಕಂಡದ್ದನ್ನು ನೋಡಿ. ಕಾಣದ್ದು ಒಳಗಿದೆ.

ಟೈರಿನ ಮೇಲ್ಪದರದ ಕೆಳಗೆ ಉಕ್ಕಿನ ತಂತಿಯ ಎರಡು ಪಟ್ಟಿಗಳಿರುತ್ತವೆ. ಅವೆರಡನ್ನೂ ಬಿಡದಂತೆ ಹಿಡಿದಿರುವುದು ನಡುವಿನ ತೆಳ್ಳನೆಯ ರಬ್ಬರು. ತುಂಬಿದ ಹವಾದಲ್ಲಿನ ಆಮ್ಲಜನಕ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಜಿನುಗುತ್ತ ಆ ರಬ್ಬರನ್ನು ಗಡುಸು ಮಾಡುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಬಿರುಕು ಮೊದಲು ಹುಟ್ಟುವುದು ಉಕ್ಕಿನ ಪಟ್ಟಿಯ ಅಂಚಿನಲ್ಲಿ, ಅಂದರೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಆಮೇಲೊಂದು ಮಧ್ಯಾಹ್ನ, ವೇಗದಲ್ಲಿದ್ದಾಗ, ಮೇಲ್ಪದರವೆಲ್ಲ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹೋಗುತ್ತದೆ.

ಇದು ಬರೀ ತರ್ಕವಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2007ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಒಂದು ದೊಡ್ಡ ವಿಮಾ ಕಂಪನಿಯ ಲೆಕ್ಕವಿದೆ. ಅದರ ಗ್ರಾಹಕರಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಲೂಸಿಯಾನಾ, ಫ್ಲಾರಿಡಾ, ಅರಿಝೋನಾ ಎಂಬ ಐದು ಬಿಸಿ ರಾಜ್ಯಗಳವರು ಶೇ. 27 ಮಾತ್ರ. ಟೈರಿಗೆ ಸಂಬಂಧಿಸಿದ ಪರಿಹಾರದ ಅರ್ಜಿಗಳಲ್ಲಿ ಅದೇ ರಾಜ್ಯಗಳ ಪಾಲು ಶೇ. 77. ಆ ಅರ್ಜಿಗಳಲ್ಲೂ ಶೇ. 84ರಷ್ಟು ಆರು ವರ್ಷ ದಾಟಿದ ಟೈರುಗಳದ್ದು. ಬಿಸಿ ಮತ್ತು ವಯಸ್ಸು ಕೂಡಿದಾಗ ಏನಾಗುತ್ತದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ನನಗೆ ಸಿಕ್ಕಿಲ್ಲ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ಸತ್ತ ಪೋರ್ಶೆ ಕರೇರಾ ಜಿಟಿಯ ಟೈರುಗಳೂ ಒಂಬತ್ತು ವರ್ಷ ಹಳೆಯವು. ಅಲ್ಲಿ ಮುಖ್ಯ ಕಾರಣ ಮಿತಿಮೀರಿದ ವೇಗವೇ; ಆದರೆ ಹಳೆಯ ಟೈರು ಕಾರಿನ ಹಿಡಿತ ಕೆಡಿಸಿರಬಹುದೆಂದು ತನಿಖೆಯವರು ಬರೆದರು.

ಅರಿಝೋನಾ ದೂರವಿದೆ ಅನ್ನಬೇಡಿ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು, ದಾಟುವುದು ಹೊಸತಲ್ಲ. ಆ ಬಿಸಿಲಿಗೆ ಡಾಂಬರು 60ರ ಆಸುಪಾಸಿಗೆ ಕಾಯುತ್ತದೆ. ಇದು ಇನ್ನೂ ಕೆಡಲಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ಹವಾಮಾನ ವರದಿಯ ಪ್ರಕಾರ, ಇಂಗಾಲದ ಹೊಗೆಗೆ ಕಡಿವಾಣ ಬೀಳದಿದ್ದರೆ ಶತಮಾನದ ಕೊನೆಗೆ ಭಾರತದಲ್ಲಿ ಬಿಸಿ ಹಗಲುಗಳು ಶೇ. 55ರಷ್ಟು, ಬಿಸಿ ರಾತ್ರಿಗಳು ಶೇ. 70ರಷ್ಟು ಹೆಚ್ಚಲಿವೆ. ರಾತ್ರಿಯ ಅಂಕಿಯೇ ನನ್ನನ್ನು ಹೆಚ್ಚು ಕಾಡುವುದು. ತಗಡಿನ ಶೆಡ್ಡಿನಲ್ಲಿ ನಿಂತ ಕಾರಿನ ಟೈರು ರಾತ್ರಿಯೂ ತಣ್ಣಗಾಗದಿದ್ದರೆ, ಓಡದೇ ಮುಪ್ಪಾಗುತ್ತದೆ.

ಇದರ ಮೇಲೆ ನಮ್ಮ ಕಡೆಯ ಒಂದು ರೂಢಿ ಬೇರೆ: “ಬ್ಯಾಸಗಿ ಐತಿ, ಹವಾ ಒಂಚೂರು ಕಮ್ಮಿ ಇರ್ಲಿ.” ಇದು ಪೂರ್ತಿ ತಲೆಕೆಳಗು. ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರಿನೊಳಗಿನ ಹವಾ ಓಡಿ ಓಡಿ 65 ಡಿಗ್ರಿಗೆ ಬಂದರೆ ಒತ್ತಡ ಸುಮಾರು 39 ಆಗುತ್ತದೆ. ಈ ಏರಿಕೆಯನ್ನು ಲೆಕ್ಕ ಹಿಡಿದೇ ಕಂಪನಿ ತಣ್ಣನೆಯ ಟೈರಿಗೆ 33 ಎಂದು ಬಾಗಿಲ ಪಟ್ಟಿಯ ಮೇಲೆ ಚೀಟಿ ಅಂಟಿಸಿರುತ್ತದೆ. ಏರಿದ್ದನ್ನು ನೋಡಿ ಬಿಸಿ ಟೈರಿನಿಂದ ಹವಾ ಬಿಟ್ಟು ಮತ್ತೆ 33ಕ್ಕೆ ತಂದರೆ, ಅದು ತಣಿದಾಗ 27ಕ್ಕೆ ಇಳಿಯುತ್ತದೆ. ಹವಾ ಕಮ್ಮಿಯಾದಷ್ಟೂ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಸಿಡಿತ ತಪ್ಪಿಸಲು ಮಾಡಿದ ಕೆಲಸವೇ ಸಿಡಿತಕ್ಕೆ ದಾರಿ. ನೈಟ್ರೋಜನ್ ತುಂಬಿಸಿದ್ದೇವೆ ಎಂದು ನಿಶ್ಚಿಂತರಾಗುವವರಿಗೂ ಒಂದು ಮಾತು: ಸಾದಾ ಹವಾದಲ್ಲೂ ಶೇ. 78 ನೈಟ್ರೋಜನ್ನೇ. ಒತ್ತಡ ನೋಡುವ ಕೆಲಸವನ್ನು ಅದು ತಪ್ಪಿಸುವುದಿಲ್ಲ.

ಹಾಗಾದರೆ ವರ್ಷವಿಡೀ ಓಡಿಸುವ ಗಾಡಿಗೆ ಎಂಥ ಟೈರು? ಪರದೇಶದ ವಿಡಿಯೋ ನೋಡಿದವರು ‘ಆಲ್ ಸೀಸನ್’ ಕೇಳುತ್ತಾರೆ. ಹಿಮ ಬೀಳುವ ಕಡೆ ಆ ಮಾತಿಗೆ ಅರ್ಥವಿದೆ; ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡುಸಾಗುತ್ತದೆ ಎಂದು ಅಲ್ಲಿ ಮೆದು ರಬ್ಬರು ಹಾಕುತ್ತಾರೆ. ನಮ್ಮ ಡಿಸೆಂಬರಿನ ಚಳಿ ಜೋಳದ ಹೊಲಕ್ಕೆ ಚಳಿ, ಟೈರಿಗಲ್ಲ. ಪಕ್ಕದ ಗೋಡೆಯಲ್ಲಿ ಪರ್ವತ ಮತ್ತು ಹಿಮಹರಳಿನ ಗುರುತಿದ್ದರೆ ಅದು ವಿಜಯಪುರಕ್ಕೆ ಬೇಡ. ಇಲ್ಲಿ ‘ವರ್ಷವಿಡೀ’ ಎಂದರೆ ಮೇ ತಿಂಗಳ ಡಾಂಬರು ಮತ್ತು ಸೆಪ್ಟೆಂಬರಿನ ಮಳೆ, ಎರಡೇ. ಬೇಸಿಗೆ ಟೈರೇ ಸರಿ. ಅಮೆರಿಕದ ಶ್ರೇಣಿ ಅಚ್ಚಾಗಿದ್ದರೆ ಶಾಖಕ್ಕೆ ‘ಎ’ ಇರಲಿ. ವೇಗದ ಅಕ್ಷರ ಕಾರಿನ ಜೊತೆ ಬಂದದ್ದಕ್ಕಿಂತ ಇಳಿಯದಿರಲಿ: ‘ಹೆಚ್’ 210ಕ್ಕೆ, ‘ವಿ’ 240ಕ್ಕೆ, ‘ಡಬ್ಲ್ಯು’ 270ಕ್ಕೆ. ಅಷ್ಟು ವೇಗ ನಿಮಗೆ ಬೇಡ ನಿಜ, ಆದರೆ ಆ ಅಕ್ಷರ ಶಾಖ ತಾಳುವ ಶಕ್ತಿಯ ಪರೀಕ್ಷೆಯೂ ಹೌದು.

ದೊಡ್ಡ ಅಲಾಯ್ ಹಾಕಿಸುವ ಚಟದ ಬಗ್ಗೆ ನಾನು ಸ್ವಲ್ಪ ಒರಟಾಗಿಯೇ ಹೇಳುತ್ತೇನೆ: ತಿಕೋಟಾ, ಬಬಲೇಶ್ವರದ ಕಡೆ ದಿನಾ ಹೋಗುವವರಿಗೆ ಅದು ದಂಡದ ಖರ್ಚು. 205/55 ಆರ್16 ಟೈರಿನ ಪಕ್ಕದ ಗೋಡೆ 113 ಮಿ.ಮೀ.; ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇಟ್ಟು 225/40 ಆರ್18 ಹಾಕಿದರೆ ಗೋಡೆ 90ಕ್ಕೆ ಇಳಿಯುತ್ತದೆ. ಎರಿ ಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಸೀಳುವ ನೆಲ, ಅದರ ಮೇಲಿನ ರಸ್ತೆ ಸಮ ನಿಲ್ಲುವುದಿಲ್ಲ. ಅಂಚು ಮುರಿದ ಗುಂಡಿಗೆ ಬಿದ್ದಾಗ ರಿಮ್ಮಿಗೂ ಗುಂಡಿಗೂ ನಡುವೆ ಗೋಡೆ ಜಜ್ಜಿ ಒಳಗಿನ ನೂಲು ಹರಿಯುತ್ತದೆ, ಹೊರಗೆ ಗುಬುಟು ಏಳುತ್ತದೆ. ಗುಬುಟೆದ್ದ ಟೈರಿಗೆ ರಿಪೇರಿ ಇಲ್ಲ. ಹೊಲದ ದಾರಿಯ ಜಾಲಿಮುಳ್ಳು ನೆತ್ತಿಗೆ ಚುಚ್ಚಿದರೆ ಪಂಕ್ಚರ್ ತೆಗೆಸಬಹುದು. ಗೋಡೆಗೆ ಚುಚ್ಚಿ ತೂತಾದರೆ ಟೈರು ತೆಗೆಯಬೇಕು.

ಇನ್ನು ಮಳೆ. ನೀರು ತುಂಬಿದ ರಸ್ತೆಯಲ್ಲಿ ಟೈರು ನೆಲ ಬಿಟ್ಟು ತೇಲುವ ವೇಗವನ್ನು ನಾಸಾದವರು 1960ರ ದಶಕದಲ್ಲಿ ವಿಮಾನದ ಗಾಲಿಗಳ ಮೇಲೆ ಅಳೆದು ಒಂದು ಸೂತ್ರ ಕೊಟ್ಟರು. ಆ ಪ್ರಕಾರ ಕಚ್ಚು ಸವೆದ ಟೈರು 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 96 ಕಿ.ಮೀ.ಯಲ್ಲಿ ತೇಲುತ್ತದೆ, 25 ಇದ್ದರೆ 83ರಲ್ಲೇ. ಅಗಲ ಟೈರು ಇನ್ನೂ ಬೇಗ. ಕಾನೂನು ಕಾರಿಗೆ ಕಚ್ಚಿನ ಆಳ 1.6 ಮಿ.ಮೀ. ಸಾಕೆನ್ನುತ್ತದೆ, ಮಳೆಗಾಲಕ್ಕೆ ಮೊದಲು 3ಕ್ಕೆ ಇಳಿದಿದ್ದರೆ ನಾನಂತೂ ಬದಲಿಸಿ ಎನ್ನುತ್ತೇನೆ. ಬಬಲೇಶ್ವರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೊಲದಿಂದ ಎಳೆದು ತರುವ ಎರಿ ಕೆಸರಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಜಾರಲು ಯಾವ ಸೂತ್ರವೂ ಬೇಕಿಲ್ಲ. ಎರಡೇ ಟೈರು ಕೊಳ್ಳುವುದಾದರೆ ಹೊಸವನ್ನು ಹಿಂದೆ ಹಾಕಿಸಿ, ಗಾಡಿ ಮುಂದಿನ ಗಾಲಿಯಿಂದ ಓಡುವುದಾದರೂ. ಹಿಂಭಾಗ ಜಾರಿದರೆ ತಿರುಗಿ ಹಿಡಿಯುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಕೊನೆಗೆ, ವಯಸ್ಸು ಓದುವುದು. ಪಕ್ಕದ ಗೋಡೆಯ ಮೇಲೆ ‘ಡಾಟ್’ ಎಂದು ಶುರುವಾಗುವ ಸಾಲಿನ ತುದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಅಂದರೆ 2019ರ 23ನೇ ವಾರ. ಎಷ್ಟೋ ಟೈರುಗಳಲ್ಲಿ ಈ ಅಂಕಿ ಒಂದೇ ಮಗ್ಗುಲಿಗೆ ಇರುತ್ತದೆ, ಅದು ಒಳಮುಖವಾಗಿ ಕೂತಿದ್ದರೆ ಗಾಡಿ ಜಾಕಿಗೆ ಏರಿಸಿ ಬ್ಯಾಟರಿ ಬೆಳಕಿನಲ್ಲಿ ನೋಡಬೇಕು. ಹಾಗೆಯೇ ಕಚ್ಚಿನ ಬುಡವನ್ನು ಹೆಬ್ಬೆರಳಿನಿಂದ ಅಗಲಿಸಿ. ಕೂದಲೆಳೆಯ ಬಿರುಕುಗಳು ಕಂಡರೆ ಗ್ರಿಪ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಹೊಸ ಟೈರಿಗೂ ಇದೇ ಪರೀಕ್ಷೆ. ಹದಿನೆಂಟು ಇಂಚಿನಂಥ ಅಪರೂಪದ ಅಳತೆ ಸಣ್ಣ ಊರಿನಲ್ಲಿ ಬೇಗ ಖರ್ಚಾಗುವುದಿಲ್ಲ, ಅಟ್ಟದ ಮೇಲೆಯೇ ವರ್ಷ ಕಳೆದಿರಬಹುದು. ತಯಾರಾಗಿ ವರ್ಷ ದಾಟಿದ್ದರೆ ಬೇರೆ ತರಿಸಲು ಹೇಳಿ, ಎಂಟು ದಿನ ಕಾಯಿರಿ.

ಸಿಡಿದ ಮೇಲೆ ದೈವೇಚ್ಛೆ ಎಂದು ಕೈಮುಗಿಯುವಂತೆಯೂ ಇಲ್ಲ. 2010ರಲ್ಲಿ ಪುಣೆ–ಮುಂಬೈ ದಾರಿಯಲ್ಲಿ ಟೈರು ಸಿಡಿದು ಪ್ರಯಾಣಿಕರೊಬ್ಬರು ಸತ್ತ ಪ್ರಕರಣದಲ್ಲಿ ವಿಮಾ ಕಂಪನಿ ಅದೇ ವಾದ ಹೂಡಿತ್ತು. 2023ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು: ಅತಿವೇಗ, ಹೆಚ್ಚು-ಕಮ್ಮಿ ಹವಾ, ಸೆಕೆಂಡ್‌ಹ್ಯಾಂಡ್ ಟೈರು, ಶಾಖ ಇವು ಕಾರಣಗಳು, ಹೊರಡುವ ಮುಂಚೆ ನೋಡಿಕೊಳ್ಳುವುದು ಚಾಲಕನ, ಮಾಲೀಕನ ಹೊಣೆ. ಆದ್ದರಿಂದ ಟೈರು ಕೊಂಡ ದಿನ ಬಿಲ್ಲಿನ ಮೇಲೆ ನಾಲ್ಕೂ ಟೈರಿನ ವಾರ ಮತ್ತು ವರ್ಷ ಬರೆಸಿಕೊಳ್ಳಿ, ಬಿಲ್ಲನ್ನು ವಿಮೆಯ ಕಾಗದದ ಜೊತೆಗಿಡಿ.