ರಾಗಿ ಹೂ ಯಾವಾಗ ಅರಳುತ್ತೆ, ಹೇಳಿ ನೋಡೋಣ!

ದೋಣಿಮಲೈ ಅಂದರೆ ಅದಿರನ್ನು ವ್ಯಾಗನ್‌ಗಟ್ಟಲೆ ತೂಗುವ ಊರು. ಇಲ್ಲೇ ಕೂತು ನಾನು ತೂಗಿರುವುದು ಬರೀ ಒಂದು ಗ್ರಾಂ ಬಿತ್ತನೆ ರಾಗಿ! ಅಂಗೈ ಮೇಲಿದೆ. ಎಷ್ಟು ಕಾಳು, ಊಹಿಸಿ! ಐವತ್ತು? ನೂರು? ಅಲ್ಲವೇ ಅಲ್ಲ. ಹೆಚ್ಚುಕಡಿಮೆ 350!

ಕಾಳೇ ಇಷ್ಟು ಪುಟ್ಟದಾದರೆ ಹೂ ಇನ್ನೆಷ್ಟು ಪುಟ್ಟದಿರಬೇಡ! ಅದು ಅರಳುವುದು ಯಾವಾಗ ಗೊತ್ತೇ? ರಾತ್ರಿ ಒಂದರಿಂದ ಬೆಳಗಿನ ಜಾವ ಐದರೊಳಗೆ! ಊರೆಲ್ಲ ನಿದ್ದೆಯಲ್ಲಿರುವಾಗ ಅರಳಿ, ತನ್ನ ಪರಾಗ ತಾನೇ ಮೆತ್ತಿಕೊಂಡು, ಕೆಲಸ ಮುಗಿಸಿಬಿಡುತ್ತದೆ.

ಯುರೋಪಿನ ರೈ ಧಾನ್ಯ ಇದಕ್ಕೆ ತದ್ವಿರುದ್ಧ. ಅದರ ಪರಾಗ ಗಾಳಿಯಲ್ಲಿ ತೇಲಿ ಬೇರೆ ಗಿಡ ಸೇರುತ್ತದೆ. ರಾಗಿಯಲ್ಲಿ ನೂರಕ್ಕೆ ಒಂದು ಹೂ ಕೂಡ ಹೊರಗಿನ ಪರಾಗ ಒಪ್ಪುವುದು ಅಪರೂಪ! ಇಂಥ ಹಠಮಾರಿಗೆ ಮದುವೆ ಮಾಡಿಸುವುದು ಹೇಗೆ?

ಉಪಾಯ ಕೇಳಿ! ಎರಡು ಗಿಡಗಳ ತೆನೆಗಳನ್ನು ಮುಖಾಮುಖಿ ಕಟ್ಟಿ, ಒಂದೇ ಕಾಗದದ ಚೀಲ ತೊಡಿಸುವುದು. ತಾಯಿಯದು ಹಸಿರು ಗಣ್ಣು, ತಂದೆಯದು ನೇರಳೆ ಗಣ್ಣು. ತಾಯಿ ತೆನೆಯ ಕಾಳೆಲ್ಲ ಬಿತ್ತಿ, ಒಂದೊಂದೇ ಪೈರು ನೋಡುತ್ತಾ ಹೋಗಬೇಕು. ಹಸಿರು. ಹಸಿರು. ಮತ್ತೆ ಹಸಿರು. ಅಗೋ, ನೇರಳೆ! ಅದೇ ಹೊಸ ಸಂಬಂಧದ ಕೂಸು!

ಇಂಥ ರಾಗಿಗೇ ಬದುಕು ಮುಡಿಪಿಟ್ಟ ತಳಿ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನ ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು! ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ತಳಿಗಳಿಗೆ ಹೆಸರಿಟ್ಟಿದ್ದರಲ್ಲೂ ಎಂಥ ಅಕ್ಕರೆ, ಮನೆಮಕ್ಕಳಿಗೆ ಇಟ್ಟ ಹಾಗೆ!

ಆಮೇಲೆ ಬಂತು ಇಂಡಾಫ್. ಈ ಹೆಸರು ಬಿಡಿಸಿ ನೋಡೋಣ! ಇಂಡಿಯಾ, ಆಫ್ರಿಕಾ! ನಮ್ಮ ರಾಗಿಗೆ ಆಫ್ರಿಕಾದ ದಪ್ಪ ಕಡ್ಡಿಯ, ದೊಡ್ಡ ತೆನೆಯ ರಾಗಿಯ ಜೊತೆ ಸಂಬಂಧ ಕುದುರಿಸಿದರು. ಮಳೆ ನಂಬಿದ ಹೊಲದಲ್ಲೇ ಇಳುವರಿ ಜಿಗಿಯಿತು!

ತಾಳಿ, ನನ್ನ ಮೈ ಜುಮ್ಮೆನಿಸಿದ್ದು ಇನ್ನೊಂದಿದೆ. ರಾಗಿ ಮೊದಲು ಬೆಳೆಯಾದದ್ದೇ ಪೂರ್ವ ಆಫ್ರಿಕಾದಲ್ಲಿ! ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಬೆಳೆ ಅದು. ಅಂದರೆ ಲಕ್ಷ್ಮಣಯ್ಯ ಮಾಡಿಸಿದ್ದು ತವರಿನ ಸಂಬಂಧ!

ರಾಗಿಯ ದೊಡ್ಡ ಶತ್ರು ಬೆಂಕಿ ರೋಗ. ಅದನ್ನು ಎದುರಿಸಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮತ್ತೆ ತವರಿನ ಬಾಗಿಲನ್ನೇ ತಟ್ಟಿದರು. ಇಂಡಾಫ್-5, ಇಂಡಾಫ್-9, ಜೊತೆಗೆ ಆಫ್ರಿಕಾದ ಇನ್ನೊಂದು ರಾಗಿ. ಮೂರೂ ಸೇರಿ ಹುಟ್ಟಿದ ತಳಿ ನಾಲ್ಕು ತಿಂಗಳೊಳಗೆ ಕಟಾವಿಗೆ ಬರುತ್ತದೆ. ರೋಗ ತಡೆಯುವ ಶಕ್ತಿ ಬೀಜದಲ್ಲೇ ಇದೆ!

ನನ್ನ ಅಂಗೈಯ ಕಾಳು ಯಾವ ತಳಿ ಅಂತೀರಿ? ಬೀಜದ ಚೀಲದ ಚೀಟಿ ಓದುತ್ತೇನೆ, ಕೇಳಿ: ಜಿಪಿಯು-28. ಅದೇ, ಆ ಮೂರೂ ಸೇರಿ ಹುಟ್ಟಿದ ಮೊಮ್ಮಗು!